ಕಾರು ಕೈಕೊಟ್ಟಾಗ: ಎಂಜಿನಿಯರ್‌ಗೆ ಉಪಯೋಗಕ್ಕೆ ಬರುವ ಸುರಕ್ಷತಾ ದೂರು ಬರೆಯುವುದು ಹೇಗೆ

‘ಗಾಡಿ ಓಡುತ್ತಿದ್ದಾಗಲೇ ಆಫ್ ಆಗುತ್ತದೆ, ಸರ್ವಿಸ್‌ನವರು ಕಿವಿಗೆ ಹಾಕಿಕೊಳ್ಳುತ್ತಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ.’ ಇಂಥ ದೂರು ಯಾರ ಮೇಜಿಗೆ ಹೋದರೂ ಅಲ್ಲೇ ಕೂರುತ್ತದೆ. ಅದೇ ದೂರಿನಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಹೊತ್ತು ಓಡಿತ್ತು, ಆಫ್ ಆದಾಗ ಮೀಟರಿನ ದೀಪಗಳು ಉರಿಯುತ್ತಿದ್ದವೇ, ಮತ್ತೆ ಸ್ಟಾರ್ಟ್ ಆಗಲು ಎಷ್ಟು ನಿಮಿಷ ಹಿಡಿಯಿತು ಎಂಬ ನಾಲ್ಕು ಮಾತು ಸೇರಿದರೆ ಓದುವ ಎಂಜಿನಿಯರ್ ನೆಟ್ಟಗೆ ಕೂರುತ್ತಾರೆ. ಮೀಟರ್ ಸಮೇತ ಎಲ್ಲವೂ ಸತ್ತಿದ್ದರೆ ಅನುಮಾನ ಇಗ್ನಿಷನ್ ಸ್ವಿಚ್, ಬ್ಯಾಟರಿ ಟರ್ಮಿನಲ್, ಮುಖ್ಯ ರಿಲೇ ಕಡೆಗೆ ಹೋಗುತ್ತದೆ. ದೀಪಗಳು ಉರಿಯುತ್ತಲೇ ಇದ್ದು ಎಂಜಿನ್ ಮಾತ್ರ ನಿಂತಿದ್ದರೆ ಇಂಧನದ ಪಂಪ್ ಅಥವಾ ಸೆನ್ಸರ್ ಕಡೆಗೆ. ಒಂದು ಸಾಲಿನಲ್ಲಿ ಹುಡುಕಾಟ ಅರ್ಧಕ್ಕೆ ಇಳಿಯಿತು.

ದೂರು ಬರೆಯುವ ಕೆಲಸ ಶುರುವಾಗುವುದು ಕಾಗದದ ಮೇಲಲ್ಲ, ಘಟನೆ ನಡೆದ ರಸ್ತೆಯ ಅಂಚಿನಲ್ಲಿ. ಅದಕ್ಕೂ ಮೊದಲು ಆ ಅಂಚಿಗೆ ಕ್ಷೇಮವಾಗಿ ಬಂದು ನಿಲ್ಲಬೇಕು.

ಆ ಕ್ಷಣದಲ್ಲಿ

ಆಕ್ಸಿಲರೇಟರ್ ಸಿಕ್ಕಿಕೊಂಡು ಕಾರು ತಾನೇ ಓಡುತ್ತಿದ್ದರೆ ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಿಟ್ಟು ಬಿಟ್ಟು ಒತ್ತಬೇಡಿ. ಪೆಟ್ರೋಲ್ ಎಂಜಿನ್‌ನ ಥ್ರಾಟಲ್ (ಗಾಳಿ ಒಳಬಿಡುವ ಕವಾಟ) ಪೂರ್ತಿ ತೆರೆದಿರುವಾಗ, ಕಾಲಿನ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತ ಹುಟ್ಟುವುದಿಲ್ಲ. ಬೂಸ್ಟರ್‌ನಲ್ಲಿ ಉಳಿದಿರುವುದು ಎರಡು ಮೂರು ಒತ್ತಿಗೆ ಸಾಕಾಗುವಷ್ಟು. ಅದು ಮುಗಿದರೆ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಒತ್ತಿಕೊಂಡೇ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಕಿರುಚಿದರೆ ಕಿರುಚಲಿ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆದರೆ ಸ್ಟೇರಿಂಗ್ ಲಾಕ್ ಆಗಬಹುದು. ಆಫ್ ಮಾಡುವುದು ಕಾರು ನಿಂತ ಮೇಲೆ. ಪುಶ್ ಬಟನ್ ಇರುವ ಕಾರುಗಳಲ್ಲಿ ಓಡುವಾಗ ಆಫ್ ಮಾಡಲು ಎಷ್ಟು ಹೊತ್ತು ಒತ್ತಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕಾರಿನ ಕೈಪಿಡಿಯಲ್ಲಿ ಆ ಒಂದು ಪುಟವನ್ನಾದರೂ ಇಂದೇ ಓದಿಡಿ.

ಬ್ರೇಕ್ ಪೆಡಲ್ ತಳಕ್ಕೆ ಹೋದರೆ ಇದಕ್ಕೆ ತದ್ವಿರುದ್ಧ: ಬೇಗಬೇಗ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿ ಹಿಡಿದುಕೊಂಡೇ ಸ್ವಲ್ಪಸ್ವಲ್ಪ ಎಳೆಯಿರಿ. ಎಂಜಿನ್ ತಾನೇ ಆಫ್ ಆದರೆ ಸ್ಟೇರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಹೊಗೆ ಅಥವಾ ಸುಟ್ಟ ವಾಸನೆ ಬಂದರೆ ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ ಎತ್ತಿದರೆ ಒಳಗಿನ ಬೆಂಕಿಗೆ ಗಾಳಿ ಕೊಟ್ಟಂತೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಆರಿದಂತೆ ಕಂಡು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು. ಅಂಥ ಕಾರನ್ನು ಮನೆಯ ಗೋಡೆಗೆ ತಾಗಿಸಿ ನಿಲ್ಲಿಸುವಂತಿಲ್ಲ.

ಮೊದಲ ಒಂದು ಗಂಟೆ

ಎಂಜಿನ್ ಆಫ್ ಮಾಡುವ ಮೊದಲೇ ಮೀಟರಿನ ಫೋಟೊ ತೆಗೆಯಿರಿ. ಉರಿಯುತ್ತಿರುವ ಎಲ್ಲ ದೀಪ, ಓಡೋಮೀಟರ್, ತಾಪಮಾನದ ಮುಳ್ಳು, ಇಂಧನದ ಮಟ್ಟ ಒಂದೇ ಚೌಕಟ್ಟಿನಲ್ಲಿ ಬರಲಿ. ಕೀಲಿ ತಿರುಗಿಸಿ ಮತ್ತೆ ಆನ್ ಮಾಡಿದರೆ ಕೆಲವು ದೀಪಗಳು ಹೋಗಿಬಿಡುತ್ತವೆ. ನಂತರ ಕಾರಿನ ಕೆಳಗೆ ಏನಾದರೂ ಸೋರಿದ್ದರೆ ಅದರ ಫೋಟೊ, ಟೈರ್‌ಗಳು, ರಸ್ತೆಯ ಮೇಲಿನ ಗುರುತು.

ಆಮೇಲೆ ಬರೆದಿಡಿ. ಫೋನಿನಲ್ಲಿ ಧ್ವನಿ ದಾಖಲಿಸಿದರೂ ಸಾಕು. ದಿನ, ಗಂಟೆ, ವೇಗ, ಗೇರ್, ಸ್ಟಾರ್ಟ್ ಮಾಡಿ ಎಷ್ಟು ನಿಮಿಷ ಆಗಿತ್ತು, ಏರಿಳಿತ ಅಥವಾ ಸಮತಟ್ಟು, ಮಳೆ ಅಥವಾ ಬಿಸಿಲು, ಎಸಿ ಆನ್ ಇತ್ತೇ, ಕ್ರೂಸ್ ಕಂಟ್ರೋಲ್ ಹಾಕಿತ್ತೇ, ನಿಮ್ಮ ಕಾಲು ಯಾವ ಪೆಡಲ್ ಮೇಲಿತ್ತು. ಕೊನೆಯದನ್ನು ಬರೆಯಲು ಹೆಚ್ಚಿನವರಿಗೆ ಮುಜುಗರ. ಆದರೆ ಕಾರು ತಾನೇ ಮುನ್ನುಗ್ಗಿತು ಎನ್ನುವ ದೂರಿನಲ್ಲಿ ಮೊದಲ ಪ್ರಶ್ನೆಯೇ ಅದು. ಅಪಘಾತವಾಗಿದ್ದರೆ ಏರ್‌ಬ್ಯಾಗ್ ಘಟಕದ ರೆಕಾರ್ಡರ್ ಡಿಕ್ಕಿಗೆ ಮುಂಚಿನ ಸುಮಾರು 5 ಸೆಕೆಂಡುಗಳ ವೇಗ, ಬ್ರೇಕ್, ಆಕ್ಸಿಲರೇಟರ್ ಸ್ಥಿತಿಯನ್ನು ಹಿಡಿದಿಟ್ಟಿರುವ ಸಾಧ್ಯತೆ ಇದೆ. ನೀವು ಬರೆದದ್ದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಉಳಿದ ನಿಜವೂ ಬಿದ್ದುಹೋಗುತ್ತದೆ. ಹಾಗೆಯೇ ಅಪಘಾತದ ಕಾರನ್ನು ರಿಪೇರಿಗೋ ಗುಜರಿಗೋ ಬಿಡುವ ಮೊದಲು ಆ ದತ್ತಾಂಶ ತೆಗೆಸಬೇಕು ಎಂದು ಇನ್ಶೂರೆನ್ಸ್‌ನವರಿಗೆ ಲಿಖಿತವಾಗಿ ತಿಳಿಸಿ.

ಬ್ರೇಕ್ ‘ಹಿಡಿಯಲಿಲ್ಲ’ ಎಂದರೆ ಏನು?

ದೂರುಗಳಲ್ಲಿ ಅತಿ ಹೆಚ್ಚು ಹಾಳಾಗುವ ಮಾತು ಇದು. ಪಾದಕ್ಕೆ ಅನುಭವವಾದದ್ದನ್ನೇ ಹೇಳಬೇಕು, ಏಕೆಂದರೆ ಒಂದೊಂದು ಅನುಭವದ ಹಿಂದೆಯೂ ಬೇರೆ ಭಾಗ ಇರುತ್ತದೆ.

- ಸಿಗ್ನಲ್‌ನಲ್ಲಿ ನಿಂತು ಪೆಡಲ್ ಒತ್ತಿ ಹಿಡಿದರೆ ಅದು ನಿಧಾನವಾಗಿ ಕೆಳಗಿಳಿಯುತ್ತದೆ, ಆದರೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗಿಲ್ಲ: ಮಾಸ್ಟರ್ ಸಿಲಿಂಡರ್‌ನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಒಳಗಿನ ರಬ್ಬರ್ ಸೀಲ್ ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿರಬಹುದು.
- ಪೆಡಲ್ ಸ್ಪಂಜಿನಂತೆ ಮೆತ್ತಗಿದೆ, ಎರಡು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ: ಪೈಪಿನಲ್ಲಿ ಗಾಳಿ, ಅಥವಾ ಹಳೆಯ ಆಯಿಲ್ ನೀರು ಹೀರಿ ಬಿಸಿಗೆ ಕುದಿದಿದೆ. ಉದ್ದದ ಇಳಿಜಾರಿನ ನಂತರ ಮಾತ್ರ ಹೀಗಾದರೆ ಎರಡನೆಯದು.
- ಪೆಡಲ್ ಗಟ್ಟಿ, ತಳ್ಳಿದರೂ ಇಳಿಯುವುದಿಲ್ಲ: ಬೂಸ್ಟರ್, ನಿರ್ವಾತದ ಪೈಪ್, ಅಥವಾ ವ್ಯಾಕ್ಯೂಮ್ ಪಂಪ್.
- ನಿಲ್ಲುವ ಹೊತ್ತಿಗೆ, ನಿಧಾನ ವೇಗದಲ್ಲಿ, ಒಣ ರಸ್ತೆಯಲ್ಲಿ ಪೆಡಲ್ ಗಡಗಡ ನಡುಗಿ ಕಾರು ಮುಂದಕ್ಕೆ ಜಾರುತ್ತದೆ: ಚಕ್ರದ ವೇಗದ ಸೆನ್ಸರ್‌ಗೆ ತುಕ್ಕು ಅಥವಾ ಕೊಳೆ ಹಿಡಿದು, ಚಕ್ರ ಲಾಕ್ ಆಗುತ್ತಿದೆ ಎಂದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ತಪ್ಪಾಗಿ ಭಾವಿಸುತ್ತಿರಬಹುದು.

ಸ್ಟೇರಿಂಗ್‌ಗೂ ಇದೇ ಲೆಕ್ಕ. ಒಮ್ಮೆಲೇ ಭಾರವಾಗಿ ಮೀಟರಿನಲ್ಲಿ ದೀಪ ಬಂದದ್ದು ಒಂದು ದೋಷ. ನೇರ ಹೋಗುವಾಗ ಮಧ್ಯದಲ್ಲಿ ಕಚ್ಚಿಕೊಂಡು, ಸ್ವಲ್ಪ ಬಲ ಹಾಕಿದರೆ ಟಕ್ ಎಂದು ಬಿಡುವುದು ಇನ್ನೊಂದು.

ಇದು ಸುರಕ್ಷತೆಯ ವಿಷಯವೇ?

ಎಸಿ ತಣ್ಣಗಾಗದಿರುವುದು, ಸ್ಪೀಕರ್ ಕೆಟ್ಟದ್ದು, ಬಣ್ಣ ಹೋಗಿದ್ದು, ಸವೆದ ಬ್ರೇಕ್ ಪ್ಯಾಡ್ ಅಥವಾ ಹಳೆಯ ಬ್ಯಾಟರಿ, ಇವು ವಾರಂಟಿ ಅಥವಾ ಗ್ರಾಹಕ ದೂರಿನ ವಿಷಯ. ನಿಯಂತ್ರಣ ತಪ್ಪುವುದು, ಓಡುವಾಗ ಎಂಜಿನ್ ನಿಲ್ಲುವುದು, ಬೆಂಕಿ, ಇಂಧನ ಸೋರಿಕೆ, ಮುಂದಿನ ನೋಟ ಮುಚ್ಚಿಹೋಗುವುದು, ಏರ್‌ಬ್ಯಾಗ್, ಸೀಟ್‌ಬೆಲ್ಟ್, ಸೀಟಿನ ಲಾಕ್ ಸುರಕ್ಷತೆಯವು. ಮಳೆಯಲ್ಲಿ ವೈಪರ್ ನಿಂತರೆ ಅದೂ ಸೇರುತ್ತದೆ.

ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಕಂಪನಿಗೆ ಬಿಡಬೇಡಿ. ಜನರಲ್ ಮೋಟಾರ್ಸ್‌ನ ಇಗ್ನಿಷನ್ ಸ್ವಿಚ್ ಪ್ರಕರಣ ಇದಕ್ಕೆ ಕನ್ನಡಿ. ಸ್ವಿಚ್ಚಿನೊಳಗಿನ ಸ್ಪ್ರಿಂಗ್ ದುರ್ಬಲವಾಗಿದ್ದರಿಂದ ಭಾರದ ಕೀ ಗೊಂಚಲು ತೂಗಾಡಿದರೂ, ಮೊಣಕಾಲು ತಾಗಿದರೂ ಕೀಲಿ ‘ಆನ್’ನಿಂದ ‘ಆಕ್ಸೆಸರಿ’ಗೆ ಜಾರುತ್ತಿತ್ತು. ಎಂಜಿನ್ ಆಫ್, ಸ್ಟೇರಿಂಗ್ ಭಾರ, ಜತೆಗೆ ಏರ್‌ಬ್ಯಾಗ್‌ಗೂ ವಿದ್ಯುತ್ ಇಲ್ಲ. ಕಂಪನಿಯೊಳಗೆ ಇದನ್ನು ಗ್ರಾಹಕರ ಅನುಕೂಲದ ಸಮಸ್ಯೆ ಎಂಬ ಕಡತದಲ್ಲಿ ಇಟ್ಟಿದ್ದರು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಯುವ ಹೊತ್ತಿಗೆ ತಡವಾಗಿತ್ತು. ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124. ಹಾಗಾಗಿ ‘ಎಂಜಿನ್ ಆಫ್ ಆಯಿತು’ ಎಂದು ಬರೆದು ನಿಲ್ಲಿಸಬೇಡಿ. ‘ಹಿಂದೆ ಲಾರಿ ಇತ್ತು, ಬಲಗಡೆಯ ಲೇನ್‌ನಿಂದ ಅಂಚಿಗೆ ಬರಲು ಸುಮಾರು 200 ಮೀಟರ್ ಹಿಡಿಯಿತು’ ಎಂದು ಅಪಾಯವನ್ನೂ ಬರೆಯಿರಿ.

ಬ್ಯಾಟರಿ ಬಿಚ್ಚುವ ಮೊದಲು ಸ್ಕ್ಯಾನ್

ಚೆಕ್ ಎಂಜಿನ್ ದೀಪ ಬಂದಾಗ ಕಾರಿನ ಕಂಪ್ಯೂಟರ್ ಒಂದು ಕೋಡ್ ಬರೆದುಕೊಳ್ಳುತ್ತದೆ. ಅದರ ಜತೆ ಆ ಕ್ಷಣದ ವೇಗ, ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ), ಎಂಜಿನ್ ತಾಪಮಾನ, ಲೋಡ್ ಕೂಡ ದಾಖಲಾಗುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ನಿಮ್ಮ ಬಾಯಿಮಾತಿಗೆ ಕಾರೇ ಹೇಳುವ ಸಾಕ್ಷಿ ಇದು. ಕೋಡ್ ಅಳಿಸಿದರೆ ಇದೂ ಅಳಿಯುತ್ತದೆ, ಬ್ಯಾಟರಿ ಬಿಚ್ಚಿದರೂ ಅಳಿಯಬಹುದು. ‘ಒಂದು ಸಲ ರೀಸೆಟ್ ಮಾಡಿಬಿಡ್ತೀನಿ ಸಾರ್’ ಎಂದು ಮೆಕ್ಯಾನಿಕ್ ಸ್ಕ್ಯಾನರ್ ಎತ್ತಿಕೊಂಡರೆ ಮೊದಲು ಪರದೆಯ ಫೋಟೊ ತೆಗೆಯಲು ಬಿಡಿ ಎನ್ನಿ.

ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಸ್ಕ್ಯಾನರ್ ಮತ್ತು ಫೋನ್ ಆಪ್ ಇದ್ದರೆ ನೀವೇ ಓದಬಹುದು. ಮೊದಲ ಅಕ್ಷರ ಪಿ ಎಂದರೆ ಎಂಜಿನ್ ಮತ್ತು ಗೇರ್, ಸಿ ಎಂದರೆ ಬ್ರೇಕ್, ಸ್ಟೇರಿಂಗ್, ಸಸ್ಪೆನ್ಷನ್, ಬಿ ಎಂದರೆ ಏರ್‌ಬ್ಯಾಗ್ ಸೇರಿದ ಬಾಡಿ, ಯು ಎಂದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಪಿ0335 ಎಂದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ದೋಷ, ಪಿ2135 ಥ್ರಾಟಲ್ ಅಥವಾ ಪೆಡಲ್‌ನ ಎರಡು ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ಹೊಂದದಿರುವುದು, ಯು0100 ಎಂಜಿನ್ ಕಂಪ್ಯೂಟರ್ ಜತೆ ಮಾತು ಕಡಿದುಹೋದದ್ದು. ಅಗ್ಗದ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಪಿ ಕೋಡ್ ಮಾತ್ರ ಓದುತ್ತವೆ. ಎಬಿಎಸ್, ಏರ್‌ಬ್ಯಾಗ್‌ನದ್ದಕ್ಕೆ ಕಂಪನಿಯ ಸ್ಕ್ಯಾನರ್ ಬೇಕು. ಓದಿ ಮುಗಿದ ಮೇಲೆ ಅದನ್ನು ಸಾಕೆಟ್‌ನಿಂದ ತೆಗೆದಿಡಿ, ಸಿಕ್ಕಿಸಿಕೊಂಡೇ ಓಡಾಡಬೇಡಿ.

ಕೋಡ್ ಇಲ್ಲದಿದ್ದರೆ ದೋಷವೇ ಇಲ್ಲ ಎಂದಲ್ಲ. ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಏನೂ ಆಗದಂತೆ ಕೆಲಸ ಮಾಡುವುದು ಗ್ಯಾರೇಜುಗಳಲ್ಲಿ ದಿನನಿತ್ಯದ ಕತೆ. ಟೋ ಟ್ರಕ್ಕಿನಲ್ಲಿ ಬರುವಷ್ಟರಲ್ಲಿ ಕಾರು ತಣ್ಣಗಾಗಿರುತ್ತದೆ, ಮೊದಲ ಪ್ರಯತ್ನಕ್ಕೇ ಸ್ಟಾರ್ಟ್ ಆಗುತ್ತದೆ. ‘ಎಂಜಿನ್ ಬಿಸಿಯಾದ ಮೇಲೆ ಮಾತ್ರ, 20 ನಿಮಿಷ ಬಿಟ್ಟರೆ ಸರಿ’ ಎಂಬ ಮಾತು ಇಲ್ಲಿ ಕೋಡಿಗಿಂತ ತೂಕದ್ದು.

ನಿಮ್ಮ ಕಡೆಯದನ್ನು ಮೊದಲು ತೆಗೆದುಹಾಕಿ

ಕಂಪನಿಯ ಮೊದಲ ಉತ್ತರ ಏನಿರುತ್ತದೆ ಎಂದು ಗೊತ್ತೇ ಇದೆ: ಹೊರಗಿನ ವೈರಿಂಗ್, ಹೊರಗಿನ ಟೈರ್, ಹೊರಗಿನ ಮ್ಯಾಟ್. ಹಾಗಾಗಿ ಅದನ್ನು ನೀವೇ ಮೊದಲು ನೋಡಿ, ನೋಡಿದ್ದನ್ನು ಫೋಟೊ ಸಮೇತ ದೂರಿಗೆ ಸೇರಿಸಿ.

ಮ್ಯಾಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಒಂದು ಲೆಕ್ಸಸ್ ಕಾರು ನಿಲ್ಲದೆ ಓಡಿ ನಾಲ್ವರು ಸತ್ತರು. ಬೇರೆ ಮಾದರಿಯ ರಬ್ಬರ್ ಮ್ಯಾಟ್ ಹಾಕಿದ್ದರು, ಆಕ್ಸಿಲರೇಟರ್ ಅದಕ್ಕೆ ಸಿಕ್ಕಿಕೊಂಡಿತ್ತು. ಆ ವರ್ಷವೇ ಟೊಯೋಟ ಮ್ಯಾಟ್ ಮತ್ತು ಪೆಡಲ್ ಕಾರಣಕ್ಕೆ ಲಕ್ಷಾಂತರ ಕಾರುಗಳನ್ನು ವಾಪಸು ಕರೆಯಿತು. ಡ್ರೈವರ್ ಬದಿಯಲ್ಲಿ ಒಂದರ ಮೇಲೊಂದು ಮ್ಯಾಟ್ ಇದ್ದರೆ ತೆಗೆಯಿರಿ, ಕೊಕ್ಕೆಗೆ ಸಿಕ್ಕಿಸಿ, ಪೆಡಲನ್ನು ಕೈಯಿಂದ ತಳದವರೆಗೆ ಒತ್ತಿ ಬಿಟ್ಟು ನೋಡಿ.

ಉಳಿದದ್ದು ಬೇಗ ಮುಗಿಯುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.4ರಿಂದ 12.7 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರೊಳಗೆ. ವೋಲ್ಟೇಜ್ ಕುಸಿದರೆ ಸಂಬಂಧವಿಲ್ಲದ ಹತ್ತು ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಟೈರ್ ದೂರಾದರೆ ಅಂಚಿನಲ್ಲಿ ಡಿಒಟಿ ಅಕ್ಷರಗಳ ನಂತರದ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಆಮೇಲೆ ಹಾಕಿಸಿದ ಅಲಾರಂ, ಕ್ಯಾಮೆರಾ, ಹೆಡ್‌ಲೈಟ್ ಇದ್ದರೆ ಬಚ್ಚಿಡದೆ ಬರೆಯಿರಿ. ತನಿಖೆಯಲ್ಲಿ ಹೇಗೂ ಸಿಗುತ್ತದೆ.

ಏರ್‌ಬ್ಯಾಗ್ ದೀಪ ಕೀಲಿ ಹಾಕಿದಾಗ ಕೆಲವು ಸೆಕೆಂಡು ಹೊತ್ತಿ ಆರಬೇಕು. ಆರದಿದ್ದರೆ ದೋಷ. ಹೊತ್ತದೇ ಇದ್ದರೆ ಇನ್ನೂ ಕೆಟ್ಟದ್ದು, ಹಳೆಯ ಮಾಲೀಕರು ದೀಪವನ್ನೇ ಕೀಳಿಸಿರಬಹುದು. ಹಳದಿ ಬಣ್ಣದ ಕನೆಕ್ಟರ್‌ಗಳಿಗೆ ಟೆಸ್ಟ್ ಲ್ಯಾಂಪ್ ಹಿಡಿಯುವ ಸಾಹಸ ಬೇಡ, ಸಿಡಿದೀತು. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯಲಿಲ್ಲ ಎನ್ನುವಾಗ ಪೆಟ್ಟು ಬಿದ್ದ ದಿಕ್ಕು ಮುಖ್ಯ. ಹಿಂದಿನಿಂದ ಗುದ್ದಿದರೆ ಮುಂದಿನ ಏರ್‌ಬ್ಯಾಗ್ ಸಾಮಾನ್ಯವಾಗಿ ತೆರೆಯುವುದಿಲ್ಲ, ತೆರೆಯಲೂ ಬಾರದು.

ವಿಐಎನ್ ಮತ್ತು ರಿಕಾಲ್

ದೂರಿಗೆ ಮಾದರಿಯ ಹೆಸರು ಸಾಲದು, 17 ಅಕ್ಷರ-ಅಂಕಿಗಳ ವಿಐಎನ್, ಅಂದರೆ ವಾಹನದ ಗುರುತಿನ ಸಂಖ್ಯೆ, ಬೇಕು. ಮುಂದಿನ ಗಾಜಿನ ಕೆಳ ಮೂಲೆಯಲ್ಲಿ, ಡ್ರೈವರ್ ಬಾಗಿಲಿನ ಕಂಬದ ಮೇಲೆ, ನೋಂದಣಿ ಪತ್ರದಲ್ಲಿ ಚಾಸಿ ನಂಬರ್ ಎಂಬ ಹೆಸರಲ್ಲಿ ಸಿಗುತ್ತದೆ. ಇದರಲ್ಲಿ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಅಂಥದ್ದು ಕಂಡರೆ ಅದು 1 ಅಥವಾ 0. ಒಂದೇ ಮಾದರಿಯಲ್ಲೂ ಒಂದು ತಿಂಗಳ ಕಾರಿಗೆ ಒಬ್ಬ ಪೂರೈಕೆದಾರನ ಭಾಗ, ಇನ್ನೊಂದು ತಿಂಗಳದ್ದಕ್ಕೆ ಬೇರೆಯವನದ್ದು ಬಿದ್ದಿರುತ್ತದೆ. ದೋಷ ಯಾವ ಸರಣಿಯಲ್ಲಿದೆ ಎಂದು ಬೇರ್ಪಡಿಸುವುದು ಈ ಸಂಖ್ಯೆಯಿಂದಲೇ.

ಅದೇ ಸಂಖ್ಯೆಯನ್ನು ಕಂಪನಿಯ ಅಥವಾ ಸರ್ಕಾರದ ರಿಕಾಲ್ (ದೋಷದ ಕಾರುಗಳನ್ನು ವಾಪಸು ಕರೆಯುವ) ಪುಟದಲ್ಲಿ ಹಾಕಿ ನೋಡಿ. ಕಾರು ಹಳತಾದರೆ ರಿಕಾಲ್ ಬರುವುದಿಲ್ಲ ಎಂದುಕೊಳ್ಳಬೇಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ನಲ್ಲಿ ಅದನ್ನು ಉಬ್ಬಿಸಲು ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವ ಕುಡಿದ ಮೇಲೆಯೇ ಅಪಾಯವಾದದ್ದು. ಸಣ್ಣ ಅಪಘಾತದಲ್ಲೂ ಲೋಹದ ಡಬ್ಬಿ ಒಡೆದು ಚೂರುಗಳು ಮುಖಕ್ಕೆ ಹಾರುತ್ತಿದ್ದವು. ವರ್ಷಕ್ಕೆ ಎರಡು ಸಲ ನೋಡುವ ಅಭ್ಯಾಸ ಸಾಕು.

ಸರ್ವಿಸ್ ಸೆಂಟರ್‌ನಲ್ಲಿ

ಸರ್ವಿಸ್‌ನವರು ನಿಮ್ಮ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ. ನಿಮ್ಮ ಮಾತು ನೀವು ಹೇಳಿದಂತೆಯೇ ಬರಲಿ. ಸಹಿ ಹಾಕುವ ಮೊದಲು ಓದಿ. ಟೆಸ್ಟ್ ಡ್ರೈವ್‌ಗೆ ಟೆಕ್ನಿಷಿಯನ್ ಜತೆ ನೀವೂ ಹೋಗಿ, ದೋಷ ಕಾಣಿಸಿಕೊಳ್ಳುವ ಪರಿಸ್ಥಿತಿಯಲ್ಲೇ ಓಡಿಸಲು ಹೇಳಿ. ಆದರೆ ಬ್ರೇಕ್, ಸ್ಟೇರಿಂಗ್ ದೋಷವನ್ನು ವಾಹನ ಓಡಾಡುವ ರಸ್ತೆಯಲ್ಲಿ ಮತ್ತೆ ಬರಿಸಿ ನೋಡುವ ಪ್ರಯೋಗ ಬೇಡ.

‘ಎಲ್ಲಾ ಗಾಡೀಲೂ ಹಾಗೇ ಇರೋದು ಸಾರ್’ ಎಂದರೆ ಜಗಳ ಬೇಡ. ‘ಹಾಗಾದರೆ ಅದನ್ನೇ ಜಾಬ್ ಕಾರ್ಡಲ್ಲಿ ಬರೆದುಕೊಡಿ’ ಎನ್ನಿ. ಅರ್ಧ ಜನ ಬರೆದುಕೊಡುವುದಿಲ್ಲ, ಕಾರನ್ನು ಮತ್ತೆ ಒಳಗೆ ತೆಗೆದುಕೊಳ್ಳುತ್ತಾರೆ. ಬರೆದುಕೊಟ್ಟರೆ ಅದೂ ಒಳ್ಳೆಯ ದಾಖಲೆ. ‘ದೋಷ ಕಂಡುಬಂದಿಲ್ಲ’ ಎಂಬ ಮೂರು ಜಾಬ್ ಕಾರ್ಡ್‌ಗಳು ಸೇರಿದರೆ ಕಂಪನಿಗೆ ವಿಷಯ ಮೂರು ಸಲ ಗೊತ್ತಿತ್ತು ಎಂದಾಗುತ್ತದೆ.

ಸಾಫ್ಟ್‌ವೇರ್ ಹಾಕಿದರೆ ಹಳೆಯ ಮತ್ತು ಹೊಸ ಆವೃತ್ತಿಯ ಸಂಖ್ಯೆ ಕೇಳಿ. ಭಾಗ ಬದಲಿಸಿದರೆ ಹಳೆಯದನ್ನು ಕೊಡಿ ಎಂದು ಕೆಲಸ ಶುರುವಾಗುವ ಮೊದಲೇ ಹೇಳಬೇಕು. ವಾರಂಟಿಯಲ್ಲಿ ಬದಲಿಸಿದ್ದು ಕಂಪನಿಗೆ ವಾಪಸು ಹೋಗುತ್ತದೆ, ಆಗ ಕನಿಷ್ಠ ಎರಡೂ ಬದಿಯ ಫೋಟೊ: ಭಾಗದ ಸಂಖ್ಯೆ, ತಯಾರಾದ ದಿನದ ಮುದ್ರೆ, ಒಡೆದ ಜಾಗ ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್. ದಿನದ ಮುದ್ರೆ ಏಕೆಂದರೆ, ಮೇಲೆ ಹೇಳಿದ ಇಗ್ನಿಷನ್ ಸ್ವಿಚ್ಚನ್ನು 2006ರಲ್ಲಿ ಬದಲಿಸಿದಾಗ ಭಾಗದ ಸಂಖ್ಯೆಯನ್ನು ಬದಲಿಸಿರಲಿಲ್ಲ. ಹಳೆಯದೂ ಹೊಸದೂ ಕಾಗದದ ಮೇಲೆ ಒಂದೇ ಆಗಿ, ತನಿಖೆ ವರ್ಷಗಟ್ಟಲೆ ದಾರಿ ತಪ್ಪಿತು.

ದೂರಿನ ಪಠ್ಯ

ಕಾರಣ ಬರೆಯಬೇಡಿ, ನಡೆದದ್ದು ಬರೆಯಿರಿ. ‘ಇಸಿಯು (ಎಂಜಿನ್ ಕಂಪ್ಯೂಟರ್) ಕೆಟ್ಟಿದೆ’ ಎಂದು ನೀವು ಬರೆದರೆ, ಇಸಿಯು ಸರಿ ಇದೆ ಎಂದು ಉತ್ತರಿಸಿ ಕಡತ ಮುಚ್ಚುವುದು ಸುಲಭ. ಒಂದು ಮಾದರಿ:

‘ದಿನಾಂಕ 2 ಮಾರ್ಚ್, ಬೆಳಿಗ್ಗೆ 8.40. ಓಡೋಮೀಟರ್ 41,380. ಸ್ಟಾರ್ಟ್ ಮಾಡಿ ಸುಮಾರು 35 ನಿಮಿಷ ಆಗಿತ್ತು. ನಾಲ್ಕು ಲೇನ್ ಹೆದ್ದಾರಿ, ಸಮತಟ್ಟು, ಒಣ ರಸ್ತೆ, ಐದನೇ ಗೇರ್, ಗಂಟೆಗೆ 80 ಕಿ.ಮೀ. ಮುನ್ಸೂಚನೆಯಿಲ್ಲದೆ ಎಂಜಿನ್ ನಿಂತಿತು. ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿತ್ತು, ಮೀಟರಿನ ದೀಪಗಳು ಉರಿಯುತ್ತಿದ್ದವು. ಸ್ಟೇರಿಂಗ್ ಭಾರವಾಯಿತು. ಹಿಂದೆ ಬಸ್ ಇತ್ತು. ಎಡ ಅಂಚಿಗೆ ಬಂದು ನಿಲ್ಲಿಸಿದೆ. ನಾಲ್ಕು ಸಲ ಪ್ರಯತ್ನಿಸಿದರೂ ಸ್ಟಾರ್ಟ್ ಆಗಲಿಲ್ಲ, 25 ನಿಮಿಷದ ನಂತರ ಆಯಿತು. ಯಾರಿಗೂ ಗಾಯವಿಲ್ಲ. ಇದು ಮೂರನೇ ಸಲ. ಮೊದಲ ಎರಡು ಜನವರಿ 11, ಫೆಬ್ರವರಿ 6. ಎರಡು ಸಲ ಸರ್ವಿಸ್ ಸೆಂಟರ್ ಪರೀಕ್ಷಿಸಿ ದೋಷ ಕಂಡುಬಂದಿಲ್ಲ ಎಂದು ಬರೆದಿದೆ. ಫೆಬ್ರವರಿಯ ಸ್ಕ್ಯಾನ್‌ನಲ್ಲಿ ಪಿ0335. ಹೊರಗಿನ ವಿದ್ಯುತ್ ಉಪಕರಣ ಯಾವುದೂ ಇಲ್ಲ. ಜಾಬ್ ಕಾರ್ಡ್, ಫೋಟೊ ಲಗತ್ತಿಸಿದೆ.’

ಬೈಗುಳ ಇಲ್ಲ, ಬೇಡಿಕೊಳ್ಳುವಿಕೆ ಇಲ್ಲ. ಗೊತ್ತಿಲ್ಲದ ಕಡೆ ‘ಸುಮಾರು’ ಎಂದು ಹಾಕಿ. ಒಂದು ದೂರಿನಲ್ಲಿ ಒಂದೇ ದೋಷ. ಬ್ರೇಕ್ ಮತ್ತು ಏರ್‌ಬ್ಯಾಗ್ ಎರಡೂ ಕೆಟ್ಟಿದ್ದರೆ ಎರಡು ದೂರು, ಏಕೆಂದರೆ ಅವನ್ನು ಭಾಗದ ಪ್ರಕಾರ ವಿಂಗಡಿಸುತ್ತಾರೆ, ಎರಡನೆಯದು ಮೊದಲನೆಯದರಲ್ಲಿ ಮುಳುಗಿಹೋಗುತ್ತದೆ.

ಎಲ್ಲಿಗೆ ಕಳಿಸುವುದು

ಡೀಲರ್‌ಗೆ ಹೇಳಿದರೆ ಕಂಪನಿಗೆ ತಲುಪಿತು ಎಂದು ನಂಬಬೇಡಿ. ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್, ಅದೇ ದಿನ ಸರ್ಕಾರದ ವಾಹನ ಸುರಕ್ಷತಾ ವಿಭಾಗಕ್ಕೂ ದೂರು. ಅಮೆರಿಕದಲ್ಲಿ ಇದನ್ನು ಎನ್‌ಎಚ್‌ಟಿಎಸ್‌ಎ ನೋಡಿಕೊಳ್ಳುತ್ತದೆ, ಕೆನಡಾದಲ್ಲಿ ಟ್ರಾನ್ಸ್‌ಪೋರ್ಟ್ ಕೆನಡಾ, ಬ್ರಿಟನ್ನಿನಲ್ಲಿ ಡಿವಿಎಸ್‌ಎ, ಜರ್ಮನಿಯಲ್ಲಿ ಕೆಬಿಎ. ಭಾರತದಲ್ಲಿ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಂ ರಿಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅಲ್ಲಿ ಎಷ್ಟು ಪ್ರಮಾಣದ ಮಾಲೀಕರು ಅದೇ ದೋಷ ದಾಖಲಿಸಿದ್ದಾರೆ ಎಂಬುದೂ ಒಂದು ಅಳತೆಗೋಲು. ಅಂದರೆ ಬೇರೆಯವರು ಹೇಗೂ ಬರೆದಿರುತ್ತಾರೆ ಎಂದು ಸುಮ್ಮನಿದ್ದರೆ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು.

ಈ ಸಂಸ್ಥೆಗಳು ನಿಮ್ಮೊಬ್ಬರ ಕಾರನ್ನು ರಿಪೇರಿ ಮಾಡಿಸುವುದಿಲ್ಲ, ಹಣ ವಾಪಸು ಕೊಡಿಸುವುದಿಲ್ಲ. ಅದಕ್ಕೆ ವಾರಂಟಿ ಮತ್ತು ಗ್ರಾಹಕ ನ್ಯಾಯಾಲಯದ ದಾರಿ ಬೇರೆ. ಇಲ್ಲಿ ಹುಡುಕುವುದು ಒಂದೇ ಭಾಗ, ಒಂದೇ ರೀತಿ, ಹಲವು ಕಾರುಗಳಲ್ಲಿ ಸೋಲುತ್ತಿದೆಯೇ ಎಂಬುದನ್ನು. ತಿಂಗಳುಗಟ್ಟಲೆ ಫೋನ್ ಬರದಿದ್ದರೂ ನಿಮ್ಮ ದೂರು ಎಣಿಕೆಯಲ್ಲಿರುತ್ತದೆ. ದೋಷ ಮತ್ತೆ ಬಂದರೆ ಹಳೆಯ ದೂರಿನ ಸಂಖ್ಯೆ ಹಾಕಿ ಹೊಸದಾಗಿ ಬರೆಯಿರಿ.

ಸ್ವಂತ ದುಡ್ಡಿನಲ್ಲಿ ಭಾಗ ಬದಲಿಸಿದ್ದರೆ ಬಿಲ್ ಎಸೆಯಬೇಡಿ. ಮುಂದೆ ಅದೇ ಭಾಗಕ್ಕೆ ರಿಕಾಲ್ ಬಂದರೆ ಹಣ ವಾಪಸು ಕೇಳಲು ಅದೇ ಬೇಕು. ರಿಕಾಲ್ ಕೆಲಸ ಮಾಡಿಸಿಕೊಂಡು ಬರುವಾಗ ಜಾಬ್ ಕಾರ್ಡಿನಲ್ಲಿ ರಿಕಾಲ್ ಸಂಖ್ಯೆ, ಹೊಸ ಭಾಗದ ಸಂಖ್ಯೆ ಇದೆಯೇ ನೋಡಿ. ವಾರ ಬಿಟ್ಟು ವಿಐಎನ್ ಹಾಕಿ ಮತ್ತೊಮ್ಮೆ ಪರೀಕ್ಷಿಸಿ. ಅಲ್ಲಿ ಇನ್ನೂ ‘ಬಾಕಿ’ ಎಂದೇ ತೋರಿಸುತ್ತಿದ್ದರೆ ಕೆಲಸ ದಾಖಲಾಗಿಲ್ಲ, ಅಥವಾ ಆಗಿಯೇ ಇಲ್ಲ.